ಮೂವತ್ತೆಂಟನೆಯ ಬಾವಿಯ ಮಟ್ಟ

ನುಕುಸ್ ಪಟ್ಟಣದ ಒಂದು ಚಿಕ್ಕ ಕಚೇರಿಯಲ್ಲಿ ಉಲ್ಬೋಸಿನ್ ಆ ಚಳಿಗಾಲವಿಡೀ ಅರವತ್ತೆರಡು ಬಾವಿಗಳನ್ನು ಕಂಪ್ಯೂಟರಿನೊಳಗೆ ಇಳಿಸುತ್ತ ಕೂತಿದ್ದಳು. ಬತ್ತಿದ ಅರಾಲ್ ಸಮುದ್ರದ ಹಳೆಯ ದಂಡೆಯುದ್ದಕ್ಕೂ ಹೂತಿದ್ದ, ತೋಳಿನ ಗಾತ್ರದ ಕಬ್ಬಿಣದ ಕೊಳವೆಗಳವು. ನೀರೆತ್ತುವುದಕ್ಕಲ್ಲ, ನೀರು ಎಷ್ಟು ಆಳದಲ್ಲಿದೆ ಎಂದು ನೋಡುವುದಕ್ಕೆ. ಅಂತರ್ಜಲದ ಸಾಫ್ಟ್‌ವೇರಿನಲ್ಲಿ ಒಂದೊಂದಕ್ಕೂ ಒಂದು ಬಿಂದು ಇಡಬೇಕು: ಅದಿರುವ ಜಾಗ, ಕೊಳವೆಯ ಆಳ, ತಿಂಗಳು ತಿಂಗಳಿನ ಅಳತೆ. ಆಮೇಲೆ ಸಾಫ್ಟ್‌ವೇರು ಅಳತೆಯ ಚುಕ್ಕೆಗಳ ಪಕ್ಕದಲ್ಲಿ ತನ್ನ ಲೆಕ್ಕದ ಗೆರೆ ಎಳೆದು ತೋರಿಸುತ್ತದೆ.

ಅರವತ್ತೊಂದು ಬಾವಿಗಳಲ್ಲಿ ಗೆರೆಯೂ ಚುಕ್ಕೆಗಳೂ ಹೆಚ್ಚುಕಡಿಮೆ ಜೊತೆಯಾಗಿಯೇ ಕೆಳಗಿಳಿದವು. ಮೂವತ್ತೆಂಟನೆಯದರಲ್ಲಿ ಗೆರೆ ಹನ್ನೆರಡು ಮೀಟರಿಗೆ ಇಳಿದಿದ್ದರೆ, ಚುಕ್ಕೆಗಳು ಅಳತೆಯ ಹನ್ನೊಂದು ವರ್ಷವೂ ನಾಲ್ಕು ಮೀಟರ್ ಹತ್ತು ಸೆಂಟಿಮೀಟರನ್ನು ಬಿಟ್ಟು ಕದಲಿರಲಿಲ್ಲ. ಜಾಗವನ್ನು ಎರಡೆರಡು ಸಲ ತಾಳೆ ನೋಡಿದಳು. ತಪ್ಪಿರಲಿಲ್ಲ.

"ಅಳಿಸಾಕಮ್ಮ ಅತ್ಲಾಗೆ," ಎಂದ ಮೇಲಧಿಕಾರಿ ಸಪರ್ನಿಯಾಜ್. "ಒಂದು ಬಾವಿ ಇಲ್ದಿದ್ರೆ ಯಾರ್ ಕೇಳ್ತಾರೆ?"

ಅವಳು ಅಳಿಸಲಿಲ್ಲ. ಆ ಬಾವಿಗಳನ್ನು ಅಳೆಯುತ್ತಿದ್ದ ಮುದುಕ ಪೆರ್ದೆಬಾಯ್‌ಗೆ ಫೋನ್ ಹಚ್ಚಿದಳು. ಅಜ್ಜನ ವಯಸ್ಸಿನ ಅವನನ್ನು ಅವಳು ಆತಾ ಎಂದೇ ಕರೆಯುತ್ತಿದ್ದಳು.

"ಆತಾ, ನಿಜ ಹೇಳಿ. ಮೂವತ್ತೆಂಟನ್ನ ಮನೇಲಿ ಚಾ ಕುಡೀತಾ ಬರೀತಿದ್ದೀರಾ?"

"ಮುಂದಿನದು ಗಂಡಾಗ್ಲಿ ಅಂತ ನಿಂಗೆ ಉಲ್ಬೋಸಿನ್ ಅಂತ ಹೆಸರಿಟ್ರಲ್ಲ, ಗಂಡಿನ ಹಠ ಮಾತ್ರ ಬಂತು ನೋಡು. ಬಾ, ನಿನ್ ಕಿವಿಯಿಂದಲೇ ಕೇಳು."

"ಹಠ ನಮ್ಮಮ್ಮಂದು, ಆತಾ. ಗುರುವಾರ ಬರ್ತೀನಿ."

ಮಾರ್ಚ್ ತಿಂಗಳ ಬಿಳಿ ಬಿಸಿಲು. ಊರು ಖಾಲಿಯಾಗಿ ಮೂವತ್ತು ವರ್ಷವಾದ ಬಯಲಿನಲ್ಲಿ, ಉಪ್ಪು ಹೆಪ್ಪುಗಟ್ಟಿದ ನೆಲದ ನಡುವೆ ಮೂವತ್ತೆಂಟನೆಯ ಕೊಳವೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಪೆರ್ದೆಬಾಯ್ ಮುಚ್ಚಳ ಬಿಚ್ಚಿ, ತಂತಿಗೆ ಕಟ್ಟಿದ ಬೋರಲು ಬಟ್ಟಲನ್ನು ಕೆಳಗಿಳಿಸಿದ. ನೀರು ತಾಗಿದಾಗ ಅದು ಮುತ್ತಿಟ್ಟಂತೆ ಸದ್ದು ಮಾಡುತ್ತದೆ. ಮಾಡಿತು. ನಾಲ್ಕು ಮೀಟರ್ ಹತ್ತು.

ಉಲ್ಬೋಸಿನ್ ತಾನೇ ಇಳಿಸಿದಳು. ಮತ್ತೆ ಅಷ್ಟೇ ಬಂತು.

ಕೊಳವೆಯ ತಳ ಹೂಳು ತುಂಬಿ ಮುಚ್ಚಿರಬೇಕು, ಒಳಗೆ ಸಿಕ್ಕಿಬಿದ್ದ ನೀರನ್ನೇ ಇಷ್ಟು ವರ್ಷ ಅಳೆಯುತ್ತಿದ್ದೇವೆ ಎಂದುಕೊಂಡಳು. ಹಾಗಿದ್ದರೆ ಸುರಿದ ನೀರು ಮೇಲೇರಿ ಅಲ್ಲೇ ನಿಲ್ಲಬೇಕು. ಜೀಪಿನಿಂದ ಎರಡು ಕ್ಯಾನು ತಂದು ನಲವತ್ತು ಲೀಟರ್ ಸುರಿದಳು. ಬಟ್ಟಲು ಇಳಿಸಿದರೆ ನಾಲ್ಕು ಮೀಟರ್ ಹತ್ತು. ಒಂದು ಕೂದಲೆಳೆಯಷ್ಟೂ ಏರಿರಲಿಲ್ಲ.

"ಹಾಗಾದ್ರೆ ತಳ ನೋಡ್ತೀನಿ," ಎಂದು ಬಟ್ಟಲಿನ ಜಾಗಕ್ಕೆ ಸೀಸದ ಗುಂಡು ಕಟ್ಟಿ ತಂತಿ ಬಿಡತೊಡಗಿದಳು. ದಾಖಲೆಯ ಪ್ರಕಾರ ಹದಿನೆಂಟು ಮೀಟರಿಗೆ ತಳ ಸಿಗಬೇಕು. ಹದಿನೆಂಟು ದಾಟಿತು. ಮೂವತ್ತು. ಅರವತ್ತು. ತಂತಿ ಸುತ್ತಿದ್ದ ಚಕ್ರ ತಿರುಗುತ್ತಲೇ ಇತ್ತು. ತೊಂಬತ್ತರ ಹತ್ತಿರ ಅವಳ ಬೆರಳು ಜುಮ್ಮೆಂದಿತು. ಕೆಳಗಿನಿಂದ ತಂತಿಯನ್ನು ಏನೋ ಎರಡು ಸಲ, ಮೆಲ್ಲಗೆ ಜಗ್ಗಿತ್ತು.

"ಬಿಗಿ ಹಿಡೀಬೇಡ," ಎಂದ ಪೆರ್ದೆಬಾಯ್, ತನ್ನ ಪಾಡಿಗೆ ರೊಟ್ಟಿ ಮುರಿಯುತ್ತ. "ಸಡಿಲ ಬಿಡು. ನೋಡ್ಕೊಂಡು ಬಿಟ್ಬಿಡತ್ತೆ."

"ಯಾವುದು ಬಿಡತ್ತೆ?"

"ಅದನ್ನ ನಾನು ವಿಚಾರಿಸೋಕೆ ಹೋಗಿಲ್ಲ."

"ಹನ್ನೊಂದು ವರ್ಷದಿಂದ ಇದನ್ನ ಯಾಕೆ ಬರೀಲಿಲ್ಲ, ಆತಾ?"

"ನಿಮ್ ಫಾರಮ್ಮಿನಲ್ಲಿ ಅದಕ್ಕೆ ಜಾಗ ಎಲ್ಲಿದೆ?"

ಅವಳು ತಂತಿ ಸುತ್ತಿಕೊಂಡಳು. ಒದ್ದೆಯಾದ ಗುಂಡನ್ನು ಮುದುಕ ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡ. ಅವನ ಮುಖ ಇದ್ದಕ್ಕಿದ್ದಂತೆ ಎಳೆಯದಾಯಿತು. "ಅಪ್ಪ ದೋಣಿಯಿಂದ ಇಳಿದು ಬಂದ್ರೆ ಅವನ ತೋಳಿಗೆ ಬಾಯಿ ಹಚ್ತಿದ್ದೆ. ಇದೇ ರುಚಿ. ಸುತ್ತಲಿನ ಬಾವಿ ನೀರೆಲ್ಲ ಕಹಿ ವಿಷ. ಇದು ಸಮುದ್ರ, ಮಗಳೇ."

ಅವಳೂ ರುಚಿ ನೋಡಿದಳು. ಅವಳು ಹುಟ್ಟುವ ಹೊತ್ತಿಗೆ ಸಮುದ್ರ ಹೋಗಿಯಾಗಿತ್ತು. ಹೋಲಿಸುವುದಕ್ಕೆ ಅವಳ ಬಳಿ ಏನೂ ಇರಲಿಲ್ಲ. ಆದರೂ ಇನ್ನೊಮ್ಮೆ ಬೆರಳು ನೆಕ್ಕಿದಳು.

ಕಚೇರಿಗೆ ಮರಳಿ ಮೂವತ್ತೆಂಟನೆಯ ಬಿಂದುವಿನ ತೂಕವನ್ನು ಸೊನ್ನೆ ಮಾಡಿದಳು. ಬಿಂದು ನಕ್ಷೆಯಲ್ಲಿರುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಸಪರ್ನಿಯಾಜ್‌ಗೆ ಅಷ್ಟು ಸಾಕಾಯಿತು. ಏಪ್ರಿಲ್‌ನಲ್ಲಿ ಪೆರ್ದೆಬಾಯ್‌ನ ಮಂಡಿ ಕೈಕೊಟ್ಟಿತು. ಅಳೆಯಲು ಅವಳೇ ಹೋಗತೊಡಗಿದಳು.

ಮೇ ತಿಂಗಳಲ್ಲಿ ಮೂವತ್ತೆಂಟರ ನೀರು ಮೇಲೇರಿ ಮೂರು ಮೀಟರ್ ತೊಂಬತ್ತು. ಜೂನ್‌ನಲ್ಲಿ ಮೂರು ಇಪ್ಪತ್ತು. ಆ ವರ್ಷ ಅತ್ತ ಹರಿಯುವ ನದಿಗೆ ನೀರೇ ಬಂದಿರಲಿಲ್ಲ, ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಜುಲೈಯಲ್ಲಿ ಒಂದು ಎಂಬತ್ತು ಎಂದು ಬರೆದುಕೊಂಡು ಅಲ್ಲಿಂದಲೇ ಮುದುಕನಿಗೆ ಫೋನ್ ಮಾಡಿದಳು.

"ಪಕ್ಕದಲ್ಲಿ ಒಂಟೆ ಸಾಕೋರ ಮನೆ ಇದೆಯಲ್ಲ, ಇನ್ನೂ ಇದ್ದಾರಾ?"

"ಇದ್ದಾರೆ. ಹೊಗೆ ಕಾಣ್ತಿದೆ."

"ಅಲ್ಲಿಂದ ಹೊರಟುಬಿಡಿ ಅಂತ ಹೇಳು. ಯಾಕೆ ಅಂತ ಕೇಳಿದ್ರೆ ನನ್ ಹೆಸರು ಹೇಳು."

ಒಂದು ಕಿಲೋಮೀಟರ್ ದೂರ. ದಾರಿಯುದ್ದಕ್ಕೂ ಏನು ಹೇಳುವುದೆಂದು ಮಾತು ಜೋಡಿಸಿಕೊಳ್ಳುತ್ತ ಹೋದಳು. ಅಂಗಳದಲ್ಲಿ ಮನೆಯೊಡತಿ ಬೀಬಿಝಾದಾ ಲಾರಿಯ ಮೇಲೆ ಹಾಸಿಗೆಗಳನ್ನು ಬಿಗಿಯುತ್ತಿದ್ದಳು. ಒಂಟೆಗಳೆಲ್ಲ ದಿನ್ನೆಯ ನೆತ್ತಿಯಲ್ಲಿ ಒತ್ತೊತ್ತಾಗಿ ನಿಂತಿದ್ದವು.

"ಅಳೆಯೋಳು ನೀನೇನಾ? ಈಗ ಬಂದ್ಯಾ ಹೇಳೋದಕ್ಕೆ?" ಎಂದಳು, ಹಗ್ಗದ ಗಂಟು ಬಿಗಿಯುತ್ತ. "ಎಂಟು ದಿನದಿಂದ ಒಂದೇ ಒಂದು ಒಂಟೆ ನೆಲಕ್ಕೆ ಕೂತಿಲ್ಲ. ನಾನೂ ಹಾಸಿಗೆ ಮೇಲೆ ಕಿವಿ ಇಡೋದು ಬಿಟ್ಟೆ. ಕೆಳಗೆ ಯಾರೋ ದೋಣಿಗೆ ಹುಟ್ಟು ಹಾಕ್ತಾ ಇರ್ತಾರೆ."

ಸಂಜೆಯೊಳಗೆ ಅವರು ಹೊರಟುಹೋದರು.

ಆಗಸ್ಟ್‌ನಲ್ಲಿ ಉಲ್ಬೋಸಿನ್ ಒಬ್ಬಳೇ ಹೋದಾಗ ಆ ಮನೆಯ ಗೋಡೆಗಳಿಗೆ ಸೊಂಟದ ಮಟ್ಟಕ್ಕೆ ತೇವ ಏರಿತ್ತು. ಕೊಳವೆಯ ಮುಚ್ಚಳ ಬಿಚ್ಚಿದಳು, ತಂತಿ ಇಳಿಸಲಿಲ್ಲ. ಬಾಯಿಯ ಹತ್ತಿರದಲ್ಲೇ ನೀರು ಅಲೆ ಹೊಡೆಯುತ್ತಿತ್ತು. ಅಲೆಗಳ ನಡುವೆ, ಕೊಳವೆಯೊಳಗೆ ತುಂಬ ದೂರದಲ್ಲಿ, ದೋಣಿಯಿಂದ ದೋಣಿಗೆ ಗಂಡಸರು ಕೂಗಿ ಮಾತಾಡುವುದು ಕೇಳುತ್ತಿತ್ತು. ಒಬ್ಬ ನಕ್ಕ.

ಅವಳು ಮುಚ್ಚಳವಿಟ್ಟು ನಾಲ್ಕೂ ಬೋಲ್ಟು ಬಿಗಿದಳು. ಪುಸ್ತಕದಲ್ಲಿ ಆ ತಿಂಗಳ ಸಾಲಿನಲ್ಲಿ "ಅಳೆಯಲಿಲ್ಲ" ಎಂದು ಬರೆದು, ಹಿಂದೆ ತಿರುಗದೆ ಜೀಪಿನ ಕಡೆ ನಡೆದಳು.