ಮೂರನೇ ಸಲ ಸೋರಿದ ಜೀಪು

ದನದ ಡಾಕ್ಟರ ಜೀಪು ಮೂರನೇ ಸಲ ಡೀಸೆಲ್ ಸುರಿಸಿಕೊಂಡು ಗ್ಯಾರೇಜಿಗೆ ಬಂದಾಗ ಮೇಸ್ತ್ರಿ ತಲೆ ಎತ್ತಿ ನೋಡಲಿಲ್ಲ. ವಾಸನೆಯೇ ಸಾಕಾಗಿತ್ತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದಿದ್ದ ಗಾಡಿಯನ್ನು ನಾಲ್ಕು ಜನ ಸೇರಿ ರಿಪೇರಿ ಗುಂಡಿಯ ಮೇಲಕ್ಕೆ ತಳ್ಳುವಷ್ಟರಲ್ಲಿ ಅವನ ಮುಖ ಸುಟ್ಟ ಬದನೆಕಾಯಿಯ ಹಾಗಾಗಿತ್ತು.

ಮೂವತ್ತೆಂಟು ವರ್ಷದ ಕೆಲಸದಲ್ಲಿ ಒಂದೇ ಗಾಡಿ ಒಂದೇ ರೋಗಕ್ಕೆ ಮೂರು ಸಲ ವಾಪಸ್ಸು ಬಂದದ್ದು ಇಲ್ಲವೇ ಇಲ್ಲ. ಮೊದಲ ಸಲ ಫಿಲ್ಟರಿನ ಹತ್ತಿರದ ಜಾಯಿಂಟು ಸಡಿಲವಾಗಿತ್ತು. ಬಿಗಿದು ಕಳಿಸಿದ. ಹದಿನೈದು ದಿನಕ್ಕೆ ಪಂಪಿನ ಪಕ್ಕದ ಜಾಯಿಂಟು ಸೋರಿತು. ಆಗ ರೋಷ ಬಂದು, ಬಿರುಕು ಬಿಟ್ಟ ಹಳೇ ರಬ್ಬರ್ ಪೈಪುಗಳನ್ನೆಲ್ಲ ಕಿತ್ತೆಸೆದು ಹೊಸದು ಹಾಕಿದ. ತಾಮ್ರದ ವಾಷರುಗಳನ್ನು ಒಂದೂ ಬಿಡದೆ ಬದಲಿಸಿದ. ಯಾರಿಗೂ ಸ್ಪ್ಯಾನರ್ ಮುಟ್ಟಲು ಬಿಡಲಿಲ್ಲ. ಇಷ್ಟಾದ ಮೇಲೂ ಮೊನ್ನೆ ಬೆಟ್ಟದ ಏರಿನಲ್ಲಿ ಪೈಪು ಡೀಸೆಲ್ ಬದಲು ಗಾಳಿ ಎಳೆದು ಎಂಜಿನ್ ನಿಂತುಹೋಯಿತು. ಜೀಪು ಹಿಂದಕ್ಕೆ ಜಾರಿ ಕಲ್ಲಿನ ದಿಣ್ಣೆಗೆ ಗುದ್ದಿತು. ಡಾಕ್ಟರ ಮೊಣಕೈ ಮೂಳೆ ಬಿರುಕು ಬಿಟ್ಟಿತು. ಮೇಲಿನ ಕೊಟ್ಟಿಗೆಯಲ್ಲಿ ಹೆರಲಾರದೆ ಒದ್ದಾಡುತ್ತಿದ್ದ ಹಸುವಿನ ಹತ್ತಿರ ಅವರು ನಡೆದು ಹೋಗಿ ಮುಟ್ಟುವಷ್ಟರಲ್ಲಿ ಕರು ಉಳಿದಿರಲಿಲ್ಲ.

ಸುದ್ದಿ ಕೇಳಿ ಮೇಸ್ತ್ರಿ ಡಾಕ್ಟರ ಮನೆಗೇ ಹೋಗಿ ಕೈ ಮುಗಿದು ನಿಂತಿದ್ದ. “ನನ್ನ ಕೈ ಸೋತಿತು ಡಾಕ್ಟ್ರೇ, ತಪ್ಪಾಯ್ತು” ಅಂದಿದ್ದ. ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿಗೂ ಮಗಳಿಗೂ ಹೇಳಿದ್ದ: “ಈ ಜೀಪೊಂದು ಸರಿ ಮಾಡ್ಕೊಟ್ಟು ಗ್ಯಾರೇಜಿನ ಕಡೆ ತಲೆ ಹಾಕಲ್ಲ. ಎಲ್ಲಾ ಇವಳೇ ನೋಡ್ಕೊಳ್ಳಲಿ.” ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಪಾಪ, ಅವರಿಗೂ ಬೇಜಾರಾಗಿದೆ ಅಂತ ಅವನು ತಿಳಿದುಕೊಂಡ. ಮನುಷ್ಯ ಎಷ್ಟು ದಡ್ಡನಾಗಬಹುದು ಅನ್ನುವುದಕ್ಕೆ ಆ ರಾತ್ರಿಯ ಊಟವೇ ಸಾಕ್ಷಿ.

ಮಗಳನ್ನು ಗ್ಯಾರೇಜಿನವರೆಲ್ಲ ಕರೆಯುತ್ತಿದ್ದದ್ದು ಎಡಚಿ ಅಂತ. ಎಡಗೈಯಲ್ಲಿ ಸ್ಪ್ಯಾನರ್ ಹಿಡಿದಳೆಂದರೆ ಬಲಗೈಯವರು ತಲುಪಲಾಗದ ಸಂದಿಯಲ್ಲೂ ನಟ್ಟು ಬಿಚ್ಚುತ್ತಿದ್ದಳು. ಕಲಿಸಿದವನು ಅವನೇ. “ನನಗೆ ಎರಡು ಕೈ ಅಲ್ಲಪ್ಪ, ಮೂರು” ಎಂದು ಬಂದಬಂದವರ ಮುಂದೆ ಜಂಬ ಕೊಚ್ಚುತ್ತಿದ್ದ. ಹದಿನಾಲ್ಕು ವರ್ಷ ಜೊತೆಯಲ್ಲಿ ದುಡಿದವಳು. ರಿಪೇರಿಯಾದ ಗಾಡಿಯನ್ನು ಓಡಿಸಿ ನೋಡಿ, ಅವರವರ ಮನೆಗೆ ಬಿಟ್ಟುಬರುವುದು ಅವಳ ಪಾಲಿನ ಕೆಲಸ.

ಜೀಪು ಗುಂಡಿಯ ಮೇಲೆ ಬಂದು ನಿಂತ ಆ ಬೆಳಿಗ್ಗೆ ಮಗಳು ಬಿಡಿಭಾಗದ ಅಂಗಡಿಗೆ ಹೋಗಿದ್ದಳು. ಮೇಸ್ತ್ರಿ ಒಬ್ಬನೇ ಗುಂಡಿಗೆ ಇಳಿದ. ಟ್ಯಾಂಕಿನಿಂದ ಪಂಪಿನವರೆಗೆ ಪೈಪು ಹಾದುಹೋದ ದಾರಿಯನ್ನೆಲ್ಲ ಬಟ್ಟೆಯಿಂದ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದ. ಎಲ್ಲಿ ಒಸರುತ್ತದೋ ಅಲ್ಲಿ ಪುಡಿ ಒದ್ದೆಯಾಗಿ ಕಪ್ಪಾಗುತ್ತದೆ. ಲೈಟು ಹಿಡಿದುಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಐದು ನಿಮಿಷಕ್ಕೆ ಪಂಪಿಗಿಂತ ಒಂದು ಗೇಣು ಹಿಂದಿನ ಜಾಯಿಂಟಿನ ಸುತ್ತ ಪುಡಿ ಕಪ್ಪಾಯಿತು. ಬೇರೆಲ್ಲ ಒಣಗಿ ಬೆಳ್ಳಗೇ ಇತ್ತು.

ಮೇಸ್ತ್ರಿಗೆ ಒಂದು ಅಭ್ಯಾಸವಿತ್ತು. ಯಾವುದೇ ನಟ್ಟನ್ನು ಕೊನೆಯ ಸಲ ಬಿಗಿದ ಮೇಲೆ ನಟ್ಟಿನಿಂದ ಪೈಪಿನವರೆಗೆ ಕೆಂಪು ನೈಲ್ ಪಾಲಿಶಿನ ಒಂದು ಗೆರೆ ಎಳೆಯುತ್ತಿದ್ದ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಗೊತ್ತಾಗಬೇಕು ಅಂತ. ಫ್ಯಾನ್ಸಿ ಸ್ಟೋರಿನವಳು “ಏನ್ ಮೇಸ್ತ್ರಿ, ಮನೆಯವರ ಉಗುರು ಇಷ್ಟು ಬೇಗ ಬೆಳೆಯುತ್ತಾ?” ಎಂದು ಕಾಲೆಳೆದರೂ ಅವನು ಬಿಟ್ಟಿರಲಿಲ್ಲ. ಈ ನಟ್ಟಿನ ಮೇಲೂ ಗೆರೆ ಇತ್ತು, ಎಲ್ಲೂ ಮುರಿಯದೆ ನೆಟ್ಟಗಿತ್ತು. ಹಾಗಾದರೆ ತಾನು ಬಿಗಿದದ್ದೇ ಇಷ್ಟು. ಬಿಗಿ ಸಾಲದೆ ಗೆರೆ ಎಳೆದುಬಿಟ್ಟಿದ್ದೇನೆ. ಕೈ ಸೋತಿದ್ದು ನಿಜ. ಅವನಿಗೆ ಅಳು ಬಂತು, ಗುಂಡಿಯಲ್ಲಿ ಯಾರೂ ನೋಡುವವರಿಲ್ಲದ್ದರಿಂದ ಸ್ವಲ್ಪ ಅತ್ತ.

ಅತ್ತು ಕಣ್ಣೊರೆಸಿಕೊಂಡು ಸೀಮೆಎಣ್ಣೆ ಬಟ್ಟೆಯಿಂದ ನಟ್ಟು ಉಜ್ಜಿದ. ಕೊಳೆ ಹೋದ ಕಡೆ ಇನ್ನೊಂದು ಗೆರೆಯ ಚೂರು ಕಾಣಿಸಿತು.

ಅರ್ಧ ಕೆರೆದುಹೋದ ಕೆಂಪು. ಹೊಸ ಗೆರೆಗಿಂತ ಕಾಲು ಸುತ್ತು ಆಚೆಗೆ. ಪೈಪಿನ ಮೇಲೆ ಅದರ ಜೋಡಿ ಇರಲಿಲ್ಲ, ಯಾರೋ ಬ್ಲೇಡಿನಲ್ಲಿ ನೀಟಾಗಿ ಕೆರೆದು ತೆಗೆದಿದ್ದರು. ಮೇಸ್ತ್ರಿ ಸ್ಪ್ಯಾನರ್ ಹಾಕಿ ಹಳೇ ಗೆರೆಯ ತುಣುಕು ಪೈಪಿನ ಮೇಲಿನ ಕೆರೆದ ಗುರುತಿಗೆ ಎದುರಾಗುವವರೆಗೆ ನಟ್ಟನ್ನು ತಿರುಗಿಸಿದ. ನಟ್ಟು ಅಲ್ಲಿಗೇ ಗಟ್ಟಿಯಾಗಿ ಕಚ್ಚಿಕೊಂಡಿತು. ಒರೆಸಿ, ಮತ್ತೆ ಪುಡಿ ಉದುರಿಸಿ ಕಾದ. ಪುಡಿ ಬೆಳ್ಳಗೇ ಉಳಿಯಿತು. ಅವನ ಕೈ ಸೋತಿರಲಿಲ್ಲ. ಬಿಗಿದದ್ದು ಸರಿಯಾಗಿಯೇ ಬಿಗಿದಿದ್ದ.

ಖುಷಿಯಾಗಬೇಕಿತ್ತು. ಅರೆಗಳಿಗೆ ಆಯಿತು ಕೂಡ. ಆಮೇಲೆ ಹೊಸ ಗೆರೆಯನ್ನು ಇನ್ನೊಂದು ಸಲ ನೋಡಿದ. ಬ್ರಶ್ಶು ಊರಿದ ಕಡೆ ದಪ್ಪ, ಎತ್ತಿದ ಕಡೆ ತೆಳು. ತಾನು ಬಲಗೈಯಲ್ಲಿ ಯಾವಾಗಲೂ ಎಡದಿಂದ ಬಲಕ್ಕೆ ಎಳೆಯುತ್ತಿದ್ದ. ಈ ಗೆರೆಯ ದಪ್ಪ ತುದಿ ಬಲಕ್ಕಿತ್ತು. ಆ ಊರಿನಲ್ಲಿ ನೈಲ್ ಪಾಲಿಶ್ ಗೆರೆಯ ವಿಷಯ ಗೊತ್ತಿದ್ದ ಎಡಗೈ ಒಂದೇ ಒಂದು.

ಮಗಳು ವಾಷರಿನ ಪೊಟ್ಟಣ ಹಿಡಿದು ಬಂದಾಗ ಅವನು ಗುಂಡಿಯಿಂದ ಮೇಲೆ ಬಂದು ಟೈರಿನ ಮೇಲೆ ಕೂತಿದ್ದ.

“ಸಿಕ್ತಾ ಅಪ್ಪ?” ಅಂದಳು.

“ಸಿಕ್ತು. ಕಾಲು ಸುತ್ತು.”

ಪೊಟ್ಟಣ ಅವಳ ಕೈಯಲ್ಲೇ ಉಳಿಯಿತು.

“ಮೂರು ಸಲಾನೂ ನೀನೇನಾ?”

ಅವಳು ಸುಳ್ಳು ಹೇಳಲಿಲ್ಲ, ಅಷ್ಟು ಮಾತ್ರ ಮರ್ಯಾದೆ ಉಳಿಸಿದಳು. “ನಿಲ್ಲಿಸು ಅಂದ್ರೆ ನಿಲ್ಲಿಸ್ತಿದ್ಯಾ? ಹೋದ ವರ್ಷ ನೀನು ಗುಂಡಿಯಲ್ಲಿ ತಲೆ ತಿರುಗಿ ಅರ್ಧ ಗಂಟೆ ಬಿದ್ದಿದ್ದೆ. ಆಸ್ಪತ್ರೆಯಲ್ಲಿ ಹಾರ್ಟು ವೀಕು ಅಂದ್ರು. ಮಾರನೇ ದಿನವೇ ಬಂದು ಲಾರಿ ಕೆಳಗೆ ಮಲಗಿದ್ದೆ. ಕಾಲಿಗೆ ಬಿದ್ದು ಹೇಳಿದ್ರೂ ಕೇಳಲ್ಲ ನೀನು. ನಿನ್ನ ಕೈ ಮೇಲೆ ನಿನಗೇ ಅನುಮಾನ ಬಂದ್ರೆ ಮಾತ್ರ ಬಿಡ್ತೀಯ ಅಂತ...”

“ಅಂತ ಯಾರು ಹೇಳಿದ್ರು?”

ಅವಳು ನೆಲ ನೋಡಿದಳು. “ಅಮ್ಮ.”

ಮೇಸ್ತ್ರಿಗೆ ಕೂತ ಟೈರು ಜಾರಿದ ಹಾಗಾಯಿತು. ತಿಂಗಳಿಂದ ರಾತ್ರಿ ನಿದ್ದೆ ಬಾರದೆ ಕೈಬೆರಳು ಮಡಚಿ ಬಿಡಿಸಿ ನೋಡಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಮಲಗಿದವಳು “ವಯಸ್ಸಾಯ್ತಲ್ಲ, ಬಿಡಿ” ಎಂದು ಬೆನ್ನು ಸವರಿದ್ದಳು. ಎಲ್ಲಾ ಗೊತ್ತಿದ್ದೇ ಸವರಿದ್ದಳು. ಗ್ಯಾರೇಜು ಬೇಕು ಅಂತ ಕೇಳಿದ್ದರೆ ಕೊಡುತ್ತಿದ್ದ. ಇವರು ಕದ್ದದ್ದು ಅವನ ಕೈಯನ್ನೇ.

“ನನ್ನ ವಿಷಯ ಬಿಡು. ಆ ಡಾಕ್ಟ್ರು ನಿನಗೇನು ಮಾಡಿದ್ರು? ಏರಿನಲ್ಲಿ ಗಾಡಿ ನಿಲ್ಲುತ್ತೆ ಅಂತ ಗೊತ್ತಿರಲಿಲ್ವಾ?”

“ಬರೀ ಹನಿ ಬೀಳುತ್ತೆ ಅಂದ್ಕೊಂಡಿದ್ದೆ. ಗಾಳಿ ಎಳೆಯುತ್ತೆ ಅಂತ...” ತಟ್ಟನೆ ಅವಳ ದನಿ ಏರಿತು. “ಹದಿನಾಲ್ಕು ವರ್ಷದಿಂದ ಬಂದವರೆಲ್ಲ ನನ್ನ ಮುಖ ನೋಡಿ ‘ಅಪ್ಪ ಇಲ್ವಾ?’ ಅಂತಾರೆ. ನಾನು ಬಿಚ್ಚಿ ಜೋಡಿಸಿದ ಎಂಜಿನ್ನಿಗೂ ನಿನಗೇ ಶಹಬ್ಬಾಸ್. ನಾನೂ ಮನುಷ್ಯಳೇ ಅಲ್ವಾ ಅಪ್ಪ?”

ಅದೂ ಸುಳ್ಳಲ್ಲ. ಅಷ್ಟು ವರ್ಷದಲ್ಲಿ ಒಂದು ದಿನವಾದರೂ “ಇದು ನನ್ನ ಮಗಳ ಕೆಲಸ” ಎಂದು ಗಿರಾಕಿಗೆ ಹೇಳಿದ ನೆನಪು ಮೇಸ್ತ್ರಿಗೆ ಬರಲಿಲ್ಲ. ಮೂರನೇ ಕೈ ಅಂದಿದ್ದ, ಅಷ್ಟೇ. ಆದರೂ ಸಿಟ್ಟು ಆರಲಿಲ್ಲ.

“ಸಾಯಂಕಾಲ ಡಾಕ್ಟ್ರು ಬರ್ತಾರೆ” ಅಂದ. “ನಾನು ಬಾಯಿ ಬಿಡಲ್ಲ. ನೀನೇ ಹೇಳು.”

ಅವಳು ಹೂಂ ಅಂದಳು.

ಆಮೇಲೆ ಇಬ್ಬರೂ ಕೆಲಸಕ್ಕಿಳಿದರು. ಅವನು ಆ ಜಾಯಿಂಟು ಬಿಚ್ಚಿ ಹೊಸ ವಾಷರ್ ಕೂರಿಸಿ ಬಿಗಿದ. ಪೈಪಿನಲ್ಲಿ ಸಿಕ್ಕಿದ್ದ ಗಾಳಿ ಹೊರಗೆ ಹೋಗಲಿ ಅಂತ ಅವಳು ಕೈಪಂಪು ಒತ್ತುತ್ತಾ ಹೋದಳು, ಫಿಲ್ಟರಿನ ಮೇಲಿನ ಸ್ಕ್ರೂ ಸಂದಿಯಿಂದ ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ತಿಳಿಯಾದ ಡೀಸೆಲ್ ಬಂತು. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಎಂದಿನಂತೆ ಮುಖ ನೋಡಿ ನಗುವ ಹೊತ್ತು ಅದು. ಯಾರೂ ನಗಲಿಲ್ಲ.

ಡಾಕ್ಟರು ಪಟ್ಟಿ ಕಟ್ಟಿದ ಕೈಯನ್ನು ಕುತ್ತಿಗೆಗೆ ಜೋತುಹಾಕಿಕೊಂಡು, ಗಾಡಿ ಓಡಿಸಲು ತಮ್ಮನನ್ನು ಕರೆದುಕೊಂಡು ಬಂದರು. ಒಳ್ಳೆಯ ಮನುಷ್ಯ, ಮುಖದಲ್ಲಿ ಕೋಪವಿರಲಿಲ್ಲ. ಅದೇ ಕಷ್ಟವಾಯಿತು.

“ಏನಾಗಿತ್ತು ಕೊನೆಗೂ?” ಅಂದರು.

ಮೇಸ್ತ್ರಿ ಮಗಳ ಕಡೆ ನೋಡಿದ. ಅವಳು ಕೈ ಒರೆಸಿಕೊಂಡಳು, ಡಾಕ್ಟರ ಪಟ್ಟಿ ಕಟ್ಟಿದ ಮೊಣಕೈ ನೋಡಿದಳು, ಬಾಯಿ ತೆರೆದಳು.

“ಒಂದು ಜಾಯಿಂಟು ಬಿಗಿ ಸಾಲ್ದೆ ಬಿಟ್ಟುಹೋಗಿತ್ತು ಡಾಕ್ಟ್ರೇ. ಅಪ್ಪಂಗೆ... ವಯಸ್ಸಾಯ್ತಲ್ಲ. ಇನ್ಮೇಲೆ ನಾನೇ ನೋಡ್ಕೋತೀನಿ.”

ನಟ್ಟು ಸಡಿಲಿಸಿದ್ದಕ್ಕೆ ಅಪ್ಪನ ಮೇಲಿನ ಪ್ರೀತಿ ಅನ್ನುವ ನೆಪವಾದರೂ ಇತ್ತು. ಈ ಸುಳ್ಳಿಗೆ ಅದೂ ಇರಲಿಲ್ಲ. ಅವಳು ಹೆದರಿದ್ದಳು, ಹೆದರಿ ಅಪ್ಪನನ್ನು ಮುಂದಕ್ಕೆ ತಳ್ಳಿದ್ದಳು, ಅಷ್ಟೇ.

ಡಾಕ್ಟರು ಮೇಸ್ತ್ರಿಯ ಭುಜ ತಟ್ಟಿದರು. “ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ. ಎಲ್ರಿಗೂ ಆಗೋದೇ. ಇನ್ನು ಆರಾಮಾಗಿರಿ, ಮಗಳಿದ್ದಾಳಲ್ಲ.”

ನಿಜ ನಾಲಿಗೆಯ ತುದಿಗೆ ಬಂತು. ಒಂದೇ ಮಾತು ಸಾಕಿತ್ತು, ಅವನ ಹೆಸರು ಉಳಿಯುತ್ತಿತ್ತು. ಅವಳು ಮಾತ್ರ ಆ ಊರಿನಲ್ಲಿ ಮತ್ತೆ ಸ್ಪ್ಯಾನರ್ ಹಿಡಿಯುವಂತಿರಲಿಲ್ಲ. ಮೇಸ್ತ್ರಿ ಅದನ್ನು ನುಂಗಿಕೊಂಡ. ಆದರೆ ಡಾಕ್ಟರ ತಮ್ಮ ಗಾಡಿ ಏರಿ ಕೂತಾಗ ತಾನೂ ಕಿಟಕಿಯ ಹತ್ತಿರ ಹೋದ. ಇಷ್ಟು ವರ್ಷ ಇಲ್ಲಿಂದ ಹೊರಟ ಪ್ರತಿಯೊಂದು ಗಾಡಿಗೂ ಜಾಮೀನು ನಿಂತವನು ಅವನು.

“ಡಾಕ್ಟ್ರೇ, ಗಾಡಿ ಈಗ ಸರಿ ಇದೆ. ಕಣ್ಣು ಮುಚ್ಚಿ ಬೆಟ್ಟ ಹತ್ತಿ” ಅಂದ. “ಮುಂದಿನ ಸಲ ಮಾತ್ರ ಬೇರೆ ಗ್ಯಾರೇಜಿಗೆ ಹಾಕಿ.”

“ಇದೇನ್ ಮೇಸ್ತ್ರಿ, ಮಗಳ ಕೆಲಸದ ಮೇಲೆ ನಂಬಿಕೆ ಇಲ್ವಾ?” ಎಂದು ಡಾಕ್ಟರು ನಕ್ಕರು.

“ಕೆಲಸದ ಮೇಲೆ ಇದೆ” ಅಂದ ಮೇಸ್ತ್ರಿ.

ಎಡಚಿ ಅಲ್ಲೇ, ಎರಡು ಮಾರು ದೂರದಲ್ಲಿ ನಿಂತಿದ್ದಳು. ಜೀಪು ಹೊರಟುಹೋದ ಮೇಲೂ ಅವಳು ಅಪ್ಪನ ಕಡೆ ತಿರುಗಲಿಲ್ಲ, ಅವನೂ ಕರೆಯಲಿಲ್ಲ.