ಒಂಬತ್ತನೆಯ ಹೆಸರು

ನಾನು ಒಂದು ಲ್ಯಾಪ್‌ಟಾಪ್. ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ, ಒಂದೇ ದಿನ, ಒಂದೇ ಅಚ್ಚಿನ ಸಾವಿರಾರು ಒಡಹುಟ್ಟಿದವರ ಜೊತೆಗೆ. ಜೋಡಿಸಿದ ಕೈಗಳಿಗೆ ಕೈಗವಸಿತ್ತು. ಹಾಗಾಗಿ ನನ್ನನ್ನು ಮೊದಲು ಮುಟ್ಟಿದವರು ಯಾರೆಂದು ನನಗೆ ತಿಳಿಯದು. ಹೊಟ್ಟೆಯ ಅಡಿಗೆ ಒಂದು ಸಂಖ್ಯೆ ಅಂಟಿಸಿ ಪೆಟ್ಟಿಗೆಗೆ ಹಾಕಿದರು.

ಮೊದಲ ನಾಲ್ಕು ವರ್ಷ ಬೆಂಗಳೂರಿನ ಒಂದು ಪ್ರವಾಸದ ಕಂಪನಿಯಲ್ಲಿ ಕಳೆದೆ. ಬಸ್ಸಿನಲ್ಲಿ ಸೀಟು ಖಾಲಿಯಿದೆಯೇ, ಹೋಟೆಲಿನಲ್ಲಿ ಕೋಣೆ ಖಾಲಿಯಿದೆಯೇ ಎಂದು ನೋಡಿ ಹೇಳುವುದು ನನ್ನ ಕೆಲಸ. ಅಲ್ಲಿ ಮೂವರು ನನ್ನನ್ನು ಬಳಸಿದರು. ಮೂವರಿಗೂ ನಾನು ನಿಧಾನವೆನಿಸಿತು. ಕೊನೆಗೆ ಹಳೆಯ ಯಂತ್ರಗಳ ಅಂಗಡಿಯೊಂದಕ್ಕೆ ಬಂದೆ. ಅಲ್ಲಿ ಒಂದು ಶನಿವಾರ ಚಂದ್ರಕಲಾ ಎಂಬ ಹೆಣ್ಣುಮಗಳು ನನ್ನ ಕೀಲಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು.

“ಕೀಲಿ ಗಟ್ಟಿ ಅವೆ. ಸ್ಕ್ರೀನು ಅಗಲ ಐತೆ. ನಮ್ಮ ದೊಡ್ಡಪ್ಪಂಗೆ ಇಷ್ಟು ಸಾಕು,” ಎಂದಳು.

ಹೀಗೆ ನಾನು ಚಳ್ಳಕೆರೆಗೆ ಬಂದೆ. ಚಂದ್ರಕಲಾ ಅಲ್ಲಿ ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ ಹೇಳುತ್ತಿದ್ದಳು. ಅವಳ ದೊಡ್ಡಪ್ಪ ಪಾಲಯ್ಯನವರು ಚಿತ್ರದುರ್ಗದ ದಿನಪತ್ರಿಕೆಯೊಂದರಲ್ಲಿ ಮೂವತ್ತೆರಡು ವರ್ಷ ಕರಡು ತಿದ್ದಿ ನಿವೃತ್ತರಾಗಿ ತಮ್ಮನ ಮನೆಗೆ ಬಂದಿದ್ದವರು. ಅವರ ಕಣ್ಣು ಬದಿಯಿಂದ ಒಳಮುಖವಾಗಿ ಮುಚ್ಚಿಕೊಳ್ಳುತ್ತ ಬಂದಿತ್ತು. ನಡುವೆ ಒಂದು ಬಟ್ಟಲಿನಷ್ಟು ಬೆಳಕು ಉಳಿದಿತ್ತು, ಅಷ್ಟೇ. ಪತ್ರಿಕೆಯ ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಮೊಬೈಲಿನಲ್ಲಿ ಓದಲು ಹೋದರೆ ಜಾಹೀರಾತು ಹಾರಿ ಬಂದು ಕಣ್ಣಿಗೆ ಬಡಿಯುತ್ತಿತ್ತು, ಓದುತ್ತಿದ್ದ ಸಾಲು ಕೆಳಗೆ ಜಾರುತ್ತಿತ್ತು.

ಚಂದ್ರಕಲಾ ನನ್ನೊಳಗಿನ ಬಣ್ಣದ ಚಿತ್ರಗಳನ್ನೆಲ್ಲ ತೆಗೆದುಹಾಕಿದಳು. ಕಪ್ಪು ಪರದೆ, ಅದರ ಮೇಲೆ ಹೆಬ್ಬೆರಳಿನ ಗಾತ್ರದ ಬಿಳಿ ಅಕ್ಷರ, ಬೇರೇನೂ ಇಲ್ಲ. ಮೊದಮೊದಲು ಒತ್ತಕ್ಷರಗಳು ಒಡೆದು ಬೇರೆ ಬೇರೆಯಾಗಿ ಬರುತ್ತಿದ್ದವು. ಅದನ್ನು ಸರಿಪಡಿಸಲು ಅವಳಿಗೆ ಎರಡು ಭಾನುವಾರ ಹಿಡಿಯಿತು. ಆಮೇಲೆ ದೊಡ್ಡಪ್ಪನಿಗೆ ನಾಲ್ಕು ಆಜ್ಞೆ ಕಲಿಸಿದಳು. ‘ತಾ’ ಎಂದು ಟೈಪು ಮಾಡಿ ಜಾಲತಾಣದ ವಿಳಾಸ ಕೊಟ್ಟರೆ ನಾನು ಆ ಲೇಖನವನ್ನು ತರುತ್ತಿದ್ದೆ, ಚಿತ್ರವನ್ನೂ ಜಾಹೀರಾತನ್ನೂ ಅಲ್ಲೇ ಬಿಟ್ಟು, ಬರೀ ಅಕ್ಷರಗಳನ್ನು. ‘ಓದು’ ಎಂದರೆ ಪರದೆಯ ಮೇಲೆ ಸಾಲು ಸಾಲಾಗಿ ತೋರಿಸುತ್ತಿದ್ದೆ. ‘ಇಡು’ ಎಂದರೆ ಅವರು ಹೇಳಿದ ಫೋಲ್ಡರಿನಲ್ಲಿ ಇಡುತ್ತಿದ್ದೆ. ‘ಹುಡುಕು’ ಎಂದು ಒಂದು ಪದ ಕೊಟ್ಟರೆ ಆ ಪದ ಎಲ್ಲೆಲ್ಲಿದೆಯೋ ಅಷ್ಟನ್ನೂ ಎಳೆದು ತರುತ್ತಿದ್ದೆ.

“ಇಷ್ಟೇನಾ?” ಎಂದರು ಪಾಲಯ್ಯನವರು.

“ಇಷ್ಟೇ ದೊಡ್ಡಪ್ಪ. ಬೇಕಾದ್ರೆ ಇನ್ನೊಂದು ಐತೆ, ಅದು ಇದ್ದಿದ್ದನ್ನ ತಿದ್ದಾಕೆ.”

“ಅದನ್ನ ಮೊದ್ಲು ತೋರ್ಸು,” ಎಂದರು.

ಅವರು ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ಕೂರುತ್ತಿದ್ದರು. ಕೆರೆಯ ಸುದ್ದಿ ‘ನೀರು’ ಫೋಲ್ಡರಿಗೆ, ಉಣ್ಣೆ ಕಂಬಳಿಯ ಸುದ್ದಿ ‘ಕುರಿ’ಗೆ, ಗಣಿ, ಕ್ವಾರಿಗಳದ್ದು ‘ಕಲ್ಲು’ ಫೋಲ್ಡರಿಗೆ. ‘ಕಣ್ಣು’ ಎಂಬುದೂ ಒಂದಿತ್ತು. ಅದನ್ನು ತುಂಬಿಸುತ್ತಿದ್ದರು, ತೆರೆದು ಓದುತ್ತಿದ್ದುದು ಕಡಿಮೆ. ಪ್ರತಿ ಫೈಲಿನ ತಲೆಯ ಮೇಲೆ ತಾರೀಖು, ತಾಣದ ವಿಳಾಸ, ಬರೆದವರ ಹೆಸರು. ಹಳೆಯ ಕಚೇರಿಯ ಶಿಸ್ತು ಅದು. ಶಿಸ್ತಿನ ಜೊತೆ ಹಳೆಯ ಚಟವೂ ಬಂದಿತ್ತು: ತಪ್ಪು ಕಂಡರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಇಡುವ ಮುನ್ನ ತಿದ್ದುತ್ತಿದ್ದರು. ಅಲ್ಪಪ್ರಾಣ, ಮಹಾಪ್ರಾಣ, ಬಿಟ್ಟುಹೋದ ಸೊನ್ನೆ, ಎರಡು ಸಲ ಬಂದ ಪದ. ಯಾರೋ ಎಲ್ಲೋ ಬರೆದ ಲೇಖನ, ಓದುವವರು ಇವರೊಬ್ಬರೇ. ಆದರೂ ತಿದ್ದಿ ಮುಗಿಸಿದಾಗ “ಹ್ಞೂಂ, ಈಗ ಮುಖ ತೊಳದಂಗಾತು” ಎನ್ನುತ್ತಿದ್ದರು.

ಮೂರನೆಯ ವರ್ಷ ಅವರು ಒಂದು ವರದಿ ತರಿಸಿಕೊಂಡರು. ಎರಡು ಕೋಣೆಯಲ್ಲಿ ನಡೆಯುತ್ತಿದ್ದ ಸಣ್ಣ ಸುದ್ದಿತಾಣವೊಂದರಲ್ಲಿ ಬಂದದ್ದು. ಬರೆದವನು ಬೀರೇಶ ಎಂಬ ವರದಿಗಾರ. ತಾಲ್ಲೂಕಿನ ಹಳ್ಳಿಯೊಂದರ ಕಲ್ಲುಪುಡಿ ಗಿರಣಿಯಲ್ಲಿ ಕೆಲಸ ಮಾಡಿ ಎದೆಯಲ್ಲಿ ದೂಳು ಕಟ್ಟಿಕೊಂಡವರ ವಿಷಯ. ‘ಒಂಬತ್ತು ಮಂದಿಗೆ ಕಾಯಿಲೆ’ ಎಂದು ತಲೆಬರಹ. ಕೊನೆಯಲ್ಲಿ ಒಂಬತ್ತು ಹೆಸರು. ಪಾಲಯ್ಯನವರು ಎರಡು ಸಲ ಓದಿದರು. ಪಟ್ಟಿಯಲ್ಲಿ ಮೂರನೆಯದು ಕಾಟಪ್ಪ, ಏಳನೆಯದು ಕಾಟಯ್ಯ.

“ಒಂದೇ ಆಸಾಮಿ, ಎರಡು ಸಲ ಬರ್ದವ್ನೆ,” ಎಂದು ಗೊಣಗಿದರು.

ಏಳನೆಯ ಹೆಸರನ್ನು ಅಳಿಸಿದರು. ಲೆಕ್ಕ ತಾಳೆಯಾಗಬೇಕಲ್ಲ, ತಲೆಬರಹದ ಒಂಬತ್ತನ್ನು ಎಂಟು ಮಾಡಿದರು. ‘ಇಡು ಕಲ್ಲು’ ಎಂದರು. ನಾನು ಇಟ್ಟೆ. ಹಳೆಯದರ ಮೇಲೆ ಹೊಸದು ಕೂತಿತು, ಹಳೆಯದು ಹೋಯಿತು.

ಮರುವರ್ಷ ಗಿರಣಿ ಮುಚ್ಚಿತು. ಅದರ ಮರುವರ್ಷ ಆ ಸುದ್ದಿತಾಣವೂ ಮುಚ್ಚಿತು. ‘ತಾ’ ಎಂದರೆ ಅಲ್ಲಿಂದ ತರಲು ಏನೂ ಇರಲಿಲ್ಲ.

ಆರನೆಯ ವರ್ಷ, ಒಂದು ಮಂಗಳವಾರ ಬೆಳಿಗ್ಗೆ, ಚಂದ್ರಕಲಾ ಒಬ್ಬ ಹೆಂಗಸನ್ನು ಕರೆತಂದಳು. ಹೆಸರು ಹನುಮಕ್ಕ, ಆ ಗಿರಣಿಯ ಊರಿನವರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ದೂಳಿನ ಕಾಯಿಲೆಯಿಂದ ಸತ್ತವರ ಮನೆಗೆ ಸರ್ಕಾರದಿಂದ ಪರಿಹಾರ ಕೊಡುವ ಕೆಲಸ ಆಗಷ್ಟೇ ಶುರುವಾಗಿತ್ತು. ಗಿರಣಿಯ ಹಾಜರಿ ಪುಸ್ತಕ ಸಿಗುತ್ತಿರಲಿಲ್ಲ. ಅಂಥ ಆಳು ನಮ್ಮಲ್ಲಿ ಇರಲೇ ಇಲ್ಲ ಎಂದು ಮಾಲೀಕನ ಕಡೆಯವರು ಬರೆದುಕೊಟ್ಟಿದ್ದರು. ಹಳೆಯ ಯಾವ ದಾಖಲೆಯಲ್ಲಾದರೂ ಹೆಸರಿದ್ದರೆ ತನ್ನಿ ಎಂದಿದ್ದರು ಕಾರ್ಮಿಕ ಅಧಿಕಾರಿ. ಪಾಲಿಟೆಕ್ನಿಕ್ಕಿನ ಅಟೆಂಡರ್ ಹನುಮಕ್ಕನ ಊರಿನವನೇ. ನಮ್ಮ ಮೇಡಂ ದೊಡ್ಡಪ್ಪ ಎಲ್ಲ ಸುದ್ದಿಯನ್ನೂ ಎತ್ತಿಡುತ್ತಾರೆ ಎಂದು ಅವನು ಹೇಳಿದ್ದ.

“ಆ ಪೇಪರಿನ ಹುಡ್ಗ ನಮ್ಮ ಜಗಲಿ ಮ್ಯಾಲೆ ಕುಂತೇ ಬರ್ಕಂಡಿದ್ದು ಕಣಣ್ಣ,” ಎಂದರು ಹನುಮಕ್ಕ. “ಒಂಬತ್ತು ಜನ ಅಂತ ಹಾಕಿದ್ದ. ಊರಾಗೆ ಎಲ್ರೂ ಫೋನಾಗೆ ನೋಡಿದ್ರು. ಈಗ ಎಲ್ಲೂ ಬರವಲ್ದು.”

“ಐತೆ ತಾಯಿ, ನಮ್ಮತ್ರ ಐತೆ,” ಎಂದರು ಪಾಲಯ್ಯನವರು. ಅವರ ಬೆರಳಿನಲ್ಲಿ ಹುರುಪು ಕಂಡಿತು. ಇಷ್ಟು ವರ್ಷದ ಓದು ಒಬ್ಬರ ಉಪಯೋಗಕ್ಕೆ ಬಂದದ್ದು ಅದೇ ಮೊದಲು. “ಹೆಸರೇನು ನಿಮ್ಮೋರ್ದು?”

ಹನುಮಕ್ಕ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಚೀಲದಿಂದ ಮರಣಪತ್ರ ತೆಗೆದು ಮುಂದಿಟ್ಟರು. ಚಂದ್ರಕಲಾ ಓದಿದಳು, “ಕಾಟಯ್ಯ.”

‘ಹುಡುಕು ಕಾಟಯ್ಯ.’ ಒಂದು ಫೈಲೂ ಬರಲಿಲ್ಲ.

“ಕಾಟಪ್ಪ ಅಂತ ಇರ್ಬೇಕು,” ಎನ್ನುತ್ತ ಪಾಲಯ್ಯನವರು ಆ ಫೈಲನ್ನೇ ತೆರೆದು ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಎಂಟು ಹೆಸರು.

“ಕಾಟಪ್ಪ ಬ್ಯಾರೆ ಕಣಣ್ಣ. ಅವ್ರು ಮ್ಯಾಗಳ ಬೀದಿಯೋರು. ಇಬ್ರೂ ಒಂದೇ ಪಾಳಿ, ಒಟ್ಟಿಗೇ ಹೋಗರು, ಒಟ್ಟಿಗೇ ಬರರು,” ಎಂದರು ಹನುಮಕ್ಕ. “ಎಂಟಲ್ಲ. ಒಂಬತ್ತು ಜನ.”

ನನ್ನ ಕೀಲಿಗಳ ಮೇಲಿದ್ದ ಬೆರಳುಗಳು ಅಲ್ಲೇ ನಿಂತವು. ಪಾಲಯ್ಯನವರು ಹೇಳಿದರು, “ನಾನೇ ತೆಗ್ದಿದ್ದು ತಾಯಿ. ಎರಡು ಸಲ ಬಂದೈತೆ ಅಂದ್ಕಂಡು ಅಳಿಸ್ದೆ.”

ಹನುಮಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಚಂದ್ರಕಲಾ ಬಿಡಿಸಿ ಹೇಳಿದಳು. ಆಗ ಅವರು ಎದ್ದು ನಿಂತರು. ಕೂಗಾಡಲಿಲ್ಲ.

“ಗಿರಣಿಯೋರು ಅಂಥಾ ಮನ್ಸಾ ಇಲ್ಲ ಅಂದ್ರು. ನೀವೂ ಇಲ್ಲ ಅಂದ್ರಿ,” ಎಂದರು. ಲೋಟದಲ್ಲಿ ಟೀ ಹಾಗೇ ಉಳಿಯಿತು.

ಅವರು ಹೋದ ಮೇಲೆ ಚಂದ್ರಕಲಾ ನನ್ನನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

“ದೊಡ್ಡಪ್ಪ, ವಾಪಸ್ ಸೇರ್ಸಿಬಿಡಾನ. ಎಂಟನ್ನ ಒಂಬತ್ತು ಮಾಡಾನ. ಇವತ್ತಿನ ತಾರೀಖು ಬೀಳ್ತೈತೆ, ಅದನ್ನ ಮೂರು ವರ್ಷ ಹಿಂದಕ್ಕೆ ಹಾಕಾದು ನಂಗೆ ಬರುತ್ತೆ. ಸುಳ್ಳೇನಲ್ವಲ್ಲ, ನಿಜಾನೇ ತಾನೆ?”

“ನಿಜಾನೇ ಕಣಮ್ಮ. ಅವತ್ತು ತೆಗ್ದಾಗ್ಲೂ ನಾನು ನಿಜ ಅಂದ್ಕಂಡೇ ತೆಗ್ದಿದ್ದು.”

ಅವಳು ನನ್ನನ್ನು ಮತ್ತೆ ಅವರ ಕಡೆಗೆ ತಿರುಗಿಸಿದಳು. ಅವರು ಒಂದು ಹಾಳೆ ತರಿಸಿ, ದಪ್ಪ ಪೆನ್ನಿನಲ್ಲಿ, ಸಾಲು ಸೊಟ್ಟಗಾದರೂ ತಾವೇ ಬರೆದರು. ಈ ವರದಿಯನ್ನು ನಾನು ತಿದ್ದಿದ್ದೇನೆ, ಏಳನೆಯ ಹೆಸರನ್ನು ಅಳಿಸಿದ್ದೇನೆ, ಆ ಹೆಸರು ಕಾಟಯ್ಯ ಎಂದಿತ್ತು, ಎಂದು.

ಗುರುವಾರ ನನ್ನನ್ನು ಚೀಲಕ್ಕೆ ಹಾಕಿಕೊಂಡು ಕಾರ್ಮಿಕ ಕಚೇರಿಗೆ ಹೋದರು. ಅಧಿಕಾರಿ ಒಬ್ಬ ಹೆಂಗಸು, ಮಾತಿನಲ್ಲಿ ಅವಸರವಿರಲಿಲ್ಲ. ಹಾಳೆ ಓದಿದರು, ನನ್ನ ಪರದೆಯನ್ನೂ ನೋಡಿದರು.

“ಇಷ್ಟು ವರ್ಷದಲ್ಲಿ ನಾನೇ ತಿದ್ದಿದೀನಿ ಅಂತ ಬಂದೋರು ನೀವೊಬ್ರೇ,” ಎಂದರು. “ಆದ್ರೆ ಯಜಮಾನ್ರೇ, ತಿದ್ದಿರೋ ದಾಖಲೇನ ನಾನು ಒಪ್ಪೋಕಾಗಲ್ಲ. ಬರೆದ ವರದಿಗಾರ ಬಂದು ಹೇಳ್ಲಿ.”

ಆ ವರದಿಗಾರ ಬೀರೇಶ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿರಲಿಲ್ಲ. ತಾಣ ಮುಚ್ಚಿದ ದಿನವೇ ಊರು ಬಿಟ್ಟಿದ್ದ.

ಮನೆಗೆ ಬಂದವರು ಊಟಕ್ಕೂ ಏಳದೆ ಟೈಪು ಮಾಡಿದರು, ‘ಹುಡುಕು ಬೀರೇಶ.’ ಹದಿನಾಲ್ಕು ಫೈಲು ತಂದುಕೊಟ್ಟೆ. ಪಾಲಯ್ಯನವರು ಹದಿನಾಲ್ಕನ್ನೂ ಮೊದಲಿನಿಂದ ಕೊನೆಯವರೆಗೆ ಓದಿದರು. ಎರಡು ದಿನ ಹಿಡಿಯಿತು. ಒಂದು ಸಾಲು ಓದಿ ಕಣ್ಣು ಮುಚ್ಚಿ ಸುಧಾರಿಸಿಕೊಂಡು ಇನ್ನೊಂದು ಸಾಲಿಗೆ ಹೋಗುತ್ತಿದ್ದರು. ಹೆಚ್ಚಿನವುಗಳಲ್ಲಿ ಏನೂ ಸಿಗಲಿಲ್ಲ. ‘ಕುರಿ’ ಫೋಲ್ಡರಿನಲ್ಲಿದ್ದ ಒಂದರಲ್ಲಿ, ಉಣ್ಣೆ ನೂಲುವವರ ಬಗ್ಗೆ ಬರೆಯುತ್ತ, ಅವನು ತನ್ನ ಊರಿನ ಕಂಬಳಿ ಸೊಸೈಟಿಯ ಹೆಸರು ಹೇಳಿ, ನಮ್ಮ ಅವ್ವ ಇಂದಿಗೂ ಅಲ್ಲಿಗೇ ನೂಲು ಹಾಕುತ್ತಾಳೆ ಎಂದಿದ್ದ.

ಚಂದ್ರಕಲಾ ಸೊಸೈಟಿಗೆ ಫೋನು ಮಾಡಿದಳು. ಮಾರನೆಯ ದಿನ ಅವನ ತಾಯಿಯೇ ಮಾತಾಡಿದರು. ಬೀರೇಶ ಹಿರಿಯೂರಿನಲ್ಲಿ ಹಾಲಿನ ವ್ಯಾನು ಓಡಿಸುತ್ತಿದ್ದ.

ಅವನು ಸೋಮವಾರ ಬಂದ. ಕಂಕುಳಲ್ಲಿ ರಟ್ಟು ಹರಿದ ಒಂದು ನೋಟುಬುಕ್ಕು. “ವರದಿ ಬರೆದಾದ ಮೇಲೆ ನಾವು ಹಂಗೆ ಹೇಳೇ ಇಲ್ಲ ಅಂತಾರೆ ಅಂತ ಎಲ್ರ ಕೈಲೂ ರುಜು ಹಾಕಿಸ್ತಿದ್ದೆ ಸಾರ್,” ಎಂದ. ಪುಟ ತೆರೆದ. ಏಳು ರುಜು, ಎರಡು ಹೆಬ್ಬೆಟ್ಟು.

ಚಂದ್ರಕಲಾ ಹೇಳಿಕಳಿಸಿದ್ದರಿಂದ ಹನುಮಕ್ಕನೂ ಬಂದಿದ್ದರು. ಪಾಲಯ್ಯನವರ ಕಡೆ ನೋಡದೆ ಕೂತಿದ್ದವರು ನೋಟುಬುಕ್ಕಿಗೆ ಬಗ್ಗಿ ಬೆರಳಿಟ್ಟು ನಿಂತರು.

“ಇದೇ,” ಎಂದರು. “ಆ ಕೊನೇ ಅಕ್ಸರಕ್ಕೆ ಕೆಳಗೆ ಕೊಂಬಿನಂಗೆ ಏನೋ ಬರ್ಬೇಕಂತೆ. ಅದು ಅವ್ರಿಗೆ ಕೊನೇತಂಕ ಬರ್ಲಿಲ್ಲ.”

ಪಾಲಯ್ಯನವರು ನೋಟುಬುಕ್ಕನ್ನು ಮುಖದ ಹತ್ತಿರ ತಂದು, ಉಳಿದಿದ್ದ ಬಟ್ಟಲಿನಷ್ಟು ಬೆಳಕಿನಲ್ಲಿ, ಬಹಳ ಹೊತ್ತು ನೋಡಿದರು. ನಡುಗುವ ಕೈಯ ರುಜು, ಯಕಾರಕ್ಕೆ ಒತ್ತಿಲ್ಲ. ಆಮೇಲೆ ನನ್ನ ಮುಂದೆ ಕೂತು, ಆ ಫೈಲಿನ ಅಡಿಯಲ್ಲಿ, ಅಂದಿನ ತಾರೀಖು ಹಾಕಿ, ‘ಬೀರೇಶರ ನೋಟುಬುಕ್ಕಿನ ಪ್ರಕಾರ ಏಳನೆಯ ಹೆಸರು’ ಎಂದು ಬರೆದು, ಪಕ್ಕದಲ್ಲಿ ಟೈಪು ಮಾಡಿದರು: ಕಾಟಯ.

ಒಂದು ಗಳಿಗೆ ಬೆರಳು ಅಲ್ಲೇ ತಡೆಯಿತು. ಆಮೇಲೆ ‘ಇಡು’ ಎಂದರು.

ಬೀರೇಶ ಅಧಿಕಾರಿಯ ಮುಂದೆ ಹೇಳಿಕೆ ಕೊಟ್ಟ. ಏಳು ತಿಂಗಳ ಮೇಲೆ ಪರಿಹಾರದ ಪಟ್ಟಿಗೆ ಹೆಸರು ಸೇರಿತೆಂದು ಹನುಮಕ್ಕನಿಗೆ ಕಾಗದ ಬಂತು. ಅವರು ಬಂದು ಅದನ್ನು ಪಾಲಯ್ಯನವರ ಕೈಗೆ ಕೊಟ್ಟು ಓದಿಸಿಕೊಂಡರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಕೊಟ್ಟ ಟೀಯನ್ನು ಕುಡಿದು ಹೋದರು.

ಪಾಲಯ್ಯನವರು ಆಮೇಲೂ ಐದು ವರ್ಷ ನನ್ನಲ್ಲಿ ಓದಿದರು. ಬಂದದ್ದನ್ನು ಬಂದಂತೆ ಇಟ್ಟರು. ತಪ್ಪು ಕಂಡರೆ ಗೊಣಗುತ್ತಿದ್ದರು, ಒಮ್ಮೊಮ್ಮೆ ಬೈಯುತ್ತಿದ್ದರು. ಬೇರೆ ಫೈಲಿನಲ್ಲಿ ‘ನನಗನಿಸಿದ್ದು’ ಎಂದು ಬರೆದಿಡುತ್ತಿದ್ದರು. ಬೆಳಕಿನ ಬಟ್ಟಲು ಮೊದಲು ಲೋಟವಾಯಿತು, ಆಮೇಲೆ ಅಂಗಿಯ ಗುಂಡಿಯಷ್ಟಾಯಿತು, ಒಂದು ಯುಗಾದಿಯ ಹೊತ್ತಿಗೆ ಮುಚ್ಚಿತು. ಗಟ್ಟಿಯಾಗಿ ಓದಿ ಹೇಳುವ ಹೊಸ ಯಂತ್ರವೊಂದನ್ನು ಚಂದ್ರಕಲಾ ತಂದಳು. ನನ್ನೊಳಗಿನದನ್ನೆಲ್ಲ ಅದಕ್ಕೆ ದಾಟಿಸಲು ನಡುವೆ ಒಂದು ತಂತಿ ಹಾಕಿದಳು. ಪಾಲಯ್ಯನವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಇಡೀ ಬೆಳಿಗ್ಗೆ ಹಿಡಿಯುವ ಕೆಲಸವೆಂದು, ಶಾಲು ಹೊದ್ದು ಸಿದ್ಧವಾಗಿ ಕೂತರು.

“ಆಯ್ತು ದೊಡ್ಡಪ್ಪ.”

“ಏನಾಯ್ತು?”

“ಎಲ್ಲಾ ಹೋಯ್ತು. ಆರು ಸಾವಿರ ಚಿಲ್ರೆ ಫೈಲು.”

“ಒಂದು ಟೀ ಕುಡಿಯೋವಷ್ಟು ಹೊತ್ತೂ ಆಗ್ಲಿಲ್ವಲ್ಲಮ್ಮ,” ಎಂದರು ಅವರು. ದನಿ ಸ್ವಲ್ಪ ಕುಗ್ಗಿತ್ತು. “ಹನ್ನೊಂದು ವರ್ಷ ಓದಿದ್ದು ಕಣೆ.”

“ಬರೀ ಅಕ್ಷರ ಅಲ್ವಾ, ಭಾರ ಇರಲ್ಲ. ಅಕ್ಕನ ಮದುವೆ ವಿಡಿಯೋ ಇದಕ್ಕಿಂತ ಭಾರ ಐತೆ.”

ಅವರು ಕೈಚಾಚಿ ನನ್ನ ಮುಚ್ಚಳವನ್ನು ಹುಡುಕಿ, ತಾವೇ ಮುಚ್ಚಿದರು.

ಈಗ ನಾನು ಪಾಲಿಟೆಕ್ನಿಕ್ಕಿನ ಲ್ಯಾಬಿನ ಕಪಾಟಿನಲ್ಲಿದ್ದೇನೆ. ಬ್ಯಾಟರಿ ತೆಗೆದಿದ್ದಾರೆ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳು ನನ್ನ ಬೆನ್ನು ಬಿಚ್ಚಿ ಯಾವ ಭಾಗ ಎಲ್ಲಿದೆ ಎಂದು ನೋಡಿ ಮುಚ್ಚುತ್ತಾರೆ. ಒಳಗೆ ಅವರಿಗೆ ಓದಲು ಒಂದು ಅಕ್ಷರವೂ ಇಲ್ಲ. ಓದುವುದಿದ್ದರೆ ಹೊರಗಿದೆ, ಕೀಲಿಗಳ ಮೇಲೆ. ಪದೇ ಪದೇ ಬೆರಳು ಬಿದ್ದ ಕಡೆ ಅಕ್ಷರ ಪೂರ್ತಿ ಮಾಸಿಹೋಗಿದೆ. ಅಳಿಸುವ ಕೀಲಿಯ ಮೇಲಿನ ಗುರುತು ಮಾತ್ರ ಅರ್ಧ ಸವೆದು, ಅಲ್ಲಿಗೇ ನಿಂತಿದೆ.