ಒಂದೇ ಸಲ ಕರೆದ ದನಿ

ನಮ್ಮೂರಿನ ಹಿಂದಿನ ಓಣಿಯಲ್ಲಿ ದೀಪ ಹಚ್ಚುವ ಹೊತ್ತಾದ ಮೇಲೆ ಯಾರೂ ಓಡಾಡುತ್ತಿರಲಿಲ್ಲ. ಕೂಡ್ಲಿಗಿಯಿಂದ ಸಂಜೆ ಬಸ್ಸಿಗೆ ಬಂದವರೂ ಶಾಲೆಯ ಮುಂದಿನ ದಾರಿಯಿಂದ ಸುತ್ತು ಹಾಕಿ ಮನೆ ಸೇರುತ್ತಿದ್ದರು. ಆ ಓಣಿಯಲ್ಲಿ ಕನಕಮ್ಮನ ಮನೆ ಇದೆ. ಹೋದ ವರ್ಷ ಅವಳು ತನ್ನ ಜೀವ ತಾನೇ ಕಳೆದುಕೊಂಡಳು. ಮನೆಯವರು ಬೀಗ ಹಾಕಿಕೊಂಡು ಹೊಸಪೇಟೆಗೆ ಹೋದರು. ಅಂದಿನಿಂದ ಅವಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಹೇಳಲೇಬೇಕಾದರೆ "ಆಕಿ" ಎನ್ನುತ್ತಿದ್ದರು.

ಹಾಗೆ ಸತ್ತವರು ಸಂಜೆ ಹೊತ್ತು ನಮ್ಮವರದೇ ದನಿಯಲ್ಲಿ ಕರೆಯುತ್ತಾರಂತೆ. ಒಂದೇ ಸಲ ಕರೆಯುತ್ತಾರಂತೆ. ಓಗೊಟ್ಟವರನ್ನು ಜೊತೆಗೆ ಕರೆದೊಯ್ಯುತ್ತಾರಂತೆ. ಅದಕ್ಕೇ ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಮೂರು ಸಲ ಕರೆಯುವವರೆಗೆ ಯಾರೂ "ಓ" ಎನ್ನುವುದಿಲ್ಲ. ನಾನೂ ಹಾಗೆಯೇ ಬೆಳೆದವಳು.

ಸಂಕ್ರಾಂತಿ ಕಳೆದ ಮೇಲೆ ಆಶಾ ಕಾರ್ಯಕರ್ತೆ ಸುಜಾತಕ್ಕ ಅದೇ ಮನೆಯ ಗೋಡೆಯ ಮೇಲೆ ಚಿತ್ರ ಬರೆಸಲು ಹೊರಟಳು. ಕನಕಮ್ಮನ ಮನೆಯವರು ಒಪ್ಪಿದ್ದರು. ನಮ್ಮ ಸಂಘದ ಹೆಣ್ಣುಮಕ್ಕಳು ಸುಣ್ಣ ಬಳಿದೆವು. ರಂಗೋಲಿ ಹಾಕುವ ಕೈ ಎಂದು ಗೆರೆ ಎಳೆಯುವ ಕೆಲಸ ನನಗೆ ಬಂತು. ಕಟ್ಟೆಯ ಮೇಲೆ ಕುಳಿತ ಒಬ್ಬ ಹೆಂಗಸು, ಅವಳ ಕೈ ಹಿಡಿದು ಪಕ್ಕದಲ್ಲಿ ಇನ್ನೊಬ್ಬಳು. ಅಷ್ಟೇ ಚಿತ್ರ, ಕೆಳಗೆ ಮನಸ್ಸು ನೊಂದವರಿಗೆಂದು ಸಹಾಯವಾಣಿಯ ನಂಬರ್ ಬರಬೇಕಿತ್ತು. ಕಣ್ಣನ್ನು ಕೊನೆಗೆ ಬರೆಯುವುದು ಪದ್ಧತಿ. ಹಾಗಾಗಿ ಮೂರು ದಿನ ಅವರಿಬ್ಬರೂ ಕಣ್ಣಿಲ್ಲದ ಮುಖ ಹೊತ್ತು ಓಣಿಯನ್ನು ನೋಡುತ್ತಿದ್ದರು. ಹಗಲಿನಲ್ಲಿ ಏನೂ ಅನ್ನಿಸುತ್ತಿರಲಿಲ್ಲ. ಕತ್ತಲಾಗುತ್ತಿದ್ದಂತೆ ಬಿಳಿ ಗೋಡೆ ಮಾತ್ರ ಉಳಿಯುತ್ತಿತ್ತು, ಅದರ ಮೇಲೆ ಅವರು.

ಪಕ್ಕದ ಮನೆಯ ದ್ಯಾಮಕ್ಕ ಸುಣ್ಣದ ಬಕೆಟ್ ಕಂಡಾಗಿನಿಂದ ಬೈಯುತ್ತಿದ್ದಳು.

"ಮಲಗಿದಾಕಿನ್ನ ಎಬ್ಬಸಾಕ ಹತ್ತೀರಿ. ಊರಾಗ ಬ್ಯಾರೆ ಗ್ವಾಡಿ ಸಿಗಲಿಲ್ಲೇನ ನಿಮಗ?"

"ಇದು ಇದ್ದವ್ರ ಸಲುವಾಗಿ ಬರಿಯೋ ಚಿತ್ರ, ಅತ್ತಿ," ಎಂದಳು ಸುಜಾತಕ್ಕ.

"ಇದ್ದವ್ರಿಗೇನ ಧಾಡಿ? ಉಂಡು ತಿಂದು ಗುಂಡುಕಲ್ಲಿನಂಗ ಅದಾರ."

"ನಿಮ್ಮ ಸೊಸಿ ಉಣ್ತಾಳೇನ್ರಿ?"

ಸೊಸೆ ಶಿವಲೀಲಾ ಮೂರು ತಿಂಗಳ ಬಾಣಂತಿ. ಗಂಡ ಬೊಮ್ಮಪ್ಪ ಕುರಿ ಹೊಡೆದುಕೊಂಡು ಮಾಗಳದ ಹೊಳೆದಂಡೆಗೆ ಹೋಗಿದ್ದ. ಅವಳು ಉಣ್ಣುತ್ತಿರಲಿಲ್ಲ, ನಿದ್ದೆ ಮಾಡುತ್ತಿರಲಿಲ್ಲ. ಕೂಸು ಅತ್ತರೂ ಬೇರೆಯವರ ಕೂಸೆಂಬಂತೆ ನೋಡುತ್ತಿದ್ದಳು.

"ಆಕಿ ಗಾಳಿ ಸೋಕೈತಿ," ಎಂದಳು ದ್ಯಾಮಕ್ಕ ಮೆಲ್ಲಗೆ. "ಗುಡಿ ದಾರ ಕಟ್ಟೀನಿ. ಸರಿಹೋಗ್ತಾಳ."

ಮೂರನೆಯ ಸಂಜೆ ನಾನೂ ಸುಜಾತಕ್ಕನೂ ಕುಂಚ ತೊಳೆದು ದ್ಯಾಮಕ್ಕನ ಪಡಸಾಲೆಯಲ್ಲಿ ಕುಳಿತಿದ್ದೆವು. ಬೈದರೂ ಚಹಾ ಕೊಡದೆ ಕಳಿಸುವವಳಲ್ಲ. ಅವಳು ಲೋಟಕ್ಕೆ ಬಗ್ಗಿಸುತ್ತಿದ್ದಾಗ ಹಿತ್ತಲ ಕಡೆಯಿಂದ ದನಿ ಬಂತು.

"ಅತ್ತೀ..."

ದ್ಯಾಮಕ್ಕ ಚಹಾದ ಪಾತ್ರೆ ಕೆಳಗಿಟ್ಟು ನನ್ನ ಬಾಯಿ ಮುಚ್ಚಿದಳು. ಅವಳ ಅಂಗೈ ತಣ್ಣಗಿತ್ತು.

"ಓ ಅನಬ್ಯಾಡ್ರಿ. ಮೂರು ಸಂಜಿ ಆತು, ಹಿಂಗ ಕರಿತೈತಿ. ನಮ್ಮ ಲೀಲಾನ ದನಿ ಕದ್ದೈತಿ."

"ಲೀಲಾ ಎಲ್ಲ್ಯದಾಳ?" ಎಂದಳು ಸುಜಾತಕ್ಕ.

"ಒಳಗ ಮಲಗ್ಯಾಳ."

ಕಿವಿಗೊಟ್ಟು ಕುಳಿತೆವು. ಎರಡನೆಯ ಸಲ ದನಿ ಬರಲಿಲ್ಲ. ನಾನು ಕುಳಿತಲ್ಲಿಂದ ಒಳಮನೆ ಕಾಣುತ್ತಿತ್ತು. ತೊಟ್ಟಿಲಲ್ಲಿ ಕೂಸು ಎಚ್ಚರವಿತ್ತು, ಅಳದೆ ಸೂರು ನೋಡುತ್ತಿತ್ತು. ಪಕ್ಕದ ಚಾಪೆಯ ಮೇಲೆ ಯಾರೂ ಇರಲಿಲ್ಲ.

ನಾನು ದ್ಯಾಮಕ್ಕನ ಕೈ ಸರಿಸಿದೆ. "ಓ... ಬಂದೆ ಯಕ್ಕಾ!" ಎಂದು ಕೂಗಿದೆ.

"ಮನಿ ಮುರದೆಲ್ಲಲೇ, ಹಾಳಾದಾಕಿ!" ಎಂದು ದ್ಯಾಮಕ್ಕ ಹಣೆ ಬಡಿದುಕೊಂಡಳು. ನಾವಾಗಲೇ ಹಿತ್ತಲು ದಾಟಿ ಓಣಿಗೆ ಇಳಿದಿದ್ದೆವು.

ಶಿವಲೀಲಾ ಕನಕಮ್ಮನ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು, ಆ ಎರಡು ಮುಖಗಳ ನಡುವೆ. ಮಬ್ಬಿನಲ್ಲಿ ಮೂವರೂ ಚಿತ್ರದಂತೆಯೇ ಕಂಡರು. ಅವಳು ಕಣ್ಣು ಪಿಳುಕಿಸಿದಾಗಲೇ ನನಗೆ ಉಸಿರು ಬಂದದ್ದು.

ಸುಜಾತಕ್ಕ ಗದರಲಿಲ್ಲ. ಪಕ್ಕದಲ್ಲಿ ಹೋಗಿ ನಿಂತಳು.

"ಲೀಲಾ, ಜೀವಾನ ಬ್ಯಾಡ ಅನ್ನಿಸ್ತೈತೇನವ್ವಾ? ಸಾಯಬೇಕು ಅಂತ ಮನಸಿಗೆ ಬರ್ತೈತೇನ?"

ಹಿಂದೆಯೇ ಬಂದಿದ್ದ ದ್ಯಾಮಕ್ಕ ಸಿಡಿದಳು. "ಥೂ, ಬಿಡ್ತು ಅನ್ನು! ಇಲ್ಲದ್ದು ಕೇಳಿ ತಲಿಯಾಗ ತುಂಬ್ತಿಯೇನ?"

"ಕೇಳಿದ್ರ ತುಂಬಂಗಿಲ್ಲತ್ತಿ. ಒಳಗಿದ್ದದ್ದು ಹೊರಗ ಬರ್ತೈತಿ."

ಶಿವಲೀಲಾ "ಹೂಂ" ಎಂದಳು.

"ಹೇಳಬೇಕಂತ ದಿನಾ ಅತ್ತೀನ ಕರೀತೀನಿ. ಒಂದು ಸಲ ಕರಿಯಾಕ ಧೈರ್ಯ ಸಾಲ್ತೈತಿ, ಎರಡ್ನೇದಕ್ಕ ಸಾಲಂಗಿಲ್ಲ. ಯಾರೂ ಓ ಅನ್ನಲಿಲ್ಲ. ನಾ ಆಗಲೇ ಸತ್ತೀನೇನೋ ಅನ್ನಿಸ್ತು."

ದ್ಯಾಮಕ್ಕ ಅಲ್ಲೇ ಮಣ್ಣಿನಲ್ಲಿ ಕುಸಿದಳು. "ಮೂರೂ ಸಂಜಿ ನೀನಾ? ನಾ ಬಾಗಲಾ ಹಾಕ್ಕೊಂಡೆನಲ್ಲ ಯವ್ವಾ... ನಿನ್ನ ದನಿಗೇ ಬಾಗಲಾ ಹಾಕ್ಕೊಂಡೆನಲ್ಲ..."

ಸುಜಾತಕ್ಕ ಅಲ್ಲಿಂದಲೇ ೧೪೪೧೬ಕ್ಕೆ ಫೋನ್ ಮಾಡಿದಳು. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. ಆ ಕಡೆಯವರು ಕನ್ನಡದಲ್ಲೇ, ಅವಸರವಿಲ್ಲದೆ ಮಾತನಾಡಿದರು. ಶಿವಲೀಲಾ ಹೇಳಿದ್ದು ನಾಲ್ಕು ಮಾತು, ಅತ್ತದ್ದೇ ಹೆಚ್ಚು. ಅವಳನ್ನು ಒಂಟಿಯಾಗಿ ಬಿಡಬೇಡಿ, ಅಪಾಯ ಮಾಡುವಂಥದ್ದು ಕೈಗೆ ಸಿಗದಂತೆ ನೋಡಿಕೊಳ್ಳಿ, ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಸುದ್ದಿ ತಿಳಿದ ಬೊಮ್ಮಪ್ಪ ಕುರಿಗಳನ್ನು ಜೊತೆಗಾರರಿಗೆ ಒಪ್ಪಿಸಿ ಹೊರಟ.

ಬೆಳಿಗ್ಗೆ ಮೊದಲ ಬಸ್ಸಿಗೆ ಕೂಡ್ಲಿಗಿ ಆಸ್ಪತ್ರೆಗೆ ಹೋದೆವು. ಹೆರಿಗೆಯ ನಂತರ ಇಂಥ ಕಾಯಿಲೆ ಎಷ್ಟೋ ಹೆಣ್ಣುಮಕ್ಕಳಿಗೆ ಬರುತ್ತದೆ, ಇದು ಗಾಳಿಯೂ ಅಲ್ಲ, ತಾಯಿಯ ತಪ್ಪೂ ಅಲ್ಲ, ವಾಸಿಯಾಗುತ್ತದೆ ಎಂದರು ಡಾಕ್ಟರಮ್ಮ.

"ಹಂಗಾರ ಈ ದಾರ ಬಿಚ್ಚಬೇಕೇನ್ರಿ?" ದ್ಯಾಮಕ್ಕ ಅಂಜುತ್ತ ಕೇಳಿದಳು.

"ದಾರ ಇರ್ಲಿ ಬಿಡ್ರಿ. ಗುಳಿಗಿ ಮಾತ್ರ ತಪ್ಪಸಬ್ಯಾಡ್ರಿ."

ಈಗ ಎರಡು ತಿಂಗಳಾಯಿತು. ಶಿವಲೀಲಾ ಕೆಲವು ದಿನ ಕೂಸಿನ ಜೊತೆ ನಗುತ್ತಾಳೆ. ಕೆಲವು ದಿನ ಏಳುವುದೇ ಕಷ್ಟ. ಅಂಥ ದಿನ ದ್ಯಾಮಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು ಅವಳ ಮಗ್ಗುಲಲ್ಲಿ ಕೂರುತ್ತಾಳೆ.

ಚಿತ್ರಕ್ಕೆ ಕಣ್ಣು ಬರೆದು ಗೋಡೆಗೆ ನಂಬರ್ ಬರೆಯುವ ದಿನ ದ್ಯಾಮಕ್ಕನೇ ಮುಂದೆ ನಿಂತಳು. "ದೊಡ್ಡದಾಗಿ ಬರೀರಿ. ಬಾಜೂಕ ಒಂದು ಫೋನಿನ ಚಿತ್ರಾನೂ ಇರ್ಲಿ, ನನ್ನಂಥ ಓದು ಬರದವ್ರಿಗೆ ತಿಳೀಬೇಕು." ಆಮೇಲೆ ಬೀಗ ಹಾಕಿದ ಬಾಗಿಲನ್ನು ನೋಡುತ್ತ ಕೇಳಿದಳು: "ಸುಜಾತಾ, ಕನಕಮ್ಮಾನೂ ಬದುಕಿದ್ದಾಗ ಯಾರ ಮನಿ ಮುಂದಾದ್ರೂ ನಿಂತು ಕರದಿದ್ಲೇನು?"

ಒಂದು ವರ್ಷದ ಮೇಲೆ ಆ ಹೆಸರು ಓಣಿಯಲ್ಲಿ ಕೇಳಿಸಿತು. ಯಾರಿಗೂ ಏನೂ ಆಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಊಟ ನಿದ್ದೆ ಬಿಟ್ಟು ಮಂಕಾಗಿದ್ದರೆ ದೆವ್ವವೆಂದು ದೂರ ಸರಿಯಬೇಡಿ. ಹತ್ತಿರ ಹೋಗಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ. ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ೧೪೪೧೬ ಹಗಲು ರಾತ್ರಿ ಇರುತ್ತದೆ, ಕಾಸು ಬೇಡ. ಆ ಯೋಚನೆ ನಿಮ್ಮದೇ ಆಗಿದ್ದರೆ, ಇವತ್ತೇ ಒಬ್ಬರಿಗೆ ಹೇಳಿ. ಅವರು ಕೇಳಿಸಿಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಕೇಳುವವರು ಇದ್ದಾರೆ.